ಕೈಗಾವಲು

ಬರ್ಲಿನ್ನಿನ ಆಗ್ನೇಯ ಅಂಚಿನಲ್ಲಿ, ಅಡ್ಲರ್ಸ್‌ಹೋಫ್‌ನ ಒಂದು ಪ್ರಯೋಗಾಲಯದಲ್ಲಿ, ಮರದ ಕುರ್ಚಿಯೊಂದಿತ್ತು. ಬೆನ್ನು ನೆಟ್ಟಗಿನದು, ಮೆತ್ತೆಯಿಲ್ಲದ್ದು, ಕೂತವರಿಗೆ ತೂಕಡಿಕೆ ಬರಬಾರದೆಂದೇ ಮಾಡಿಸಿದಂತಿತ್ತು. ಗಾಳಿ ಹೀರುವ ಗೂಡಿನ ಮುಂದೆ ಒಬ್ಬಳು ನಿಂತು ಕೆಲಸ ಮಾಡುವಾಗ ಇನ್ನೊಬ್ಬಳು ಆ ಕುರ್ಚಿಯಲ್ಲಿ ಕೂತು ಅವಳ ಕೈಗಳನ್ನೇ ನೋಡುತ್ತಿರಬೇಕು. ಹೆಣಿಗೆ ಹಾಕುವಂತಿಲ್ಲ, ಪತ್ರಿಕೆ ಓದುವಂತಿಲ್ಲ, ಹರಟೆಯಂತೂ ಇಲ್ಲವೇ ಇಲ್ಲ. ಮಡಿಲಲ್ಲಿ ಕ್ಯಾಲ್ಸಿಯಂ ಮುಲಾಮಿನ ಟ್ಯೂಬು, ಕಣ್ಣು ಎದುರಿನವಳ ಕೈಮೇಲೆ. ಈ ಕೆಲಸಕ್ಕೆ ಆ ಹೆಂಗಸರು ಇಟ್ಟುಕೊಂಡಿದ್ದ ಹೆಸರು ಕೈಗಾವಲು. ಹೊಸದಾಗಿ ಬಂದ ವಿದ್ಯಾರ್ಥಿಗಳು ಇದನ್ನು ಕಂಡು ಮುಸಿಮುಸಿ ನಗುತ್ತಿದ್ದರು, ಅಜ್ಜಿಯರ ಕಾಲದ ಕಟ್ಟಳೆ ಎನ್ನುತ್ತಿದ್ದರು. ನಗಲಿ. ಅವರಿಗೆ ‘ಅದರ’ ಪರಿಚಯ ಇನ್ನೂ ಆಗಿರಲಿಲ್ಲ.

‘ಅದು’ ಎಂದರೆ ಹೈಡ್ರೋಫ್ಲೋರಿಕ್ ಆಮ್ಲ. ಅಷ್ಟುದ್ದದ ಹೆಸರನ್ನು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಬೇರೆ ಆಮ್ಲ ಮೈಗೆ ಬಿದ್ದರೆ ಉರಿಯುತ್ತದೆ, ಮನುಷ್ಯ ಹಾರಿಬಿದ್ದು ನಲ್ಲಿಯ ಕಡೆ ಓಡುತ್ತಾನೆ. ಆಲ್ಕೋಹಾಲಿನಲ್ಲಿ ತೆಳುವಾಗಿ ಬೆರೆಸಿಟ್ಟ ಅದು ಹಾಗಲ್ಲ. ಬಿದ್ದಾಗ ನೀರಿನಷ್ಟು ಸಾಧು. ಸದ್ದಿಲ್ಲದೆ ಚರ್ಮ ದಾಟಿ, ಮಾಂಸ ದಾಟಿ, ಮೂಳೆಯ ಸುಣ್ಣವನ್ನು ಹುಡುಕಿಕೊಂಡು ಒಳಗೆ ಹೋಗುತ್ತದೆ. ನೋವು ಬರುವುದು ಎಷ್ಟೋ ಹೊತ್ತಿನ ಮೇಲೆ. ಬಂದಾಗ ಮುಲಾಮಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ನೋವನ್ನು ನಂಬಿ ಕೂರುವಂತಿಲ್ಲ, ಇನ್ನೊಬ್ಬರ ಕಣ್ಣನ್ನು ನಂಬಬೇಕು. ಕುರ್ಚಿಯಲ್ಲಿ ಕೂತವಳು ಏನಾದರೂ ಕಂಡರೆ ‘ಕೈ’ ಎಂದು ಕೂಗಬೇಕು. ಆ ಒಂದೇ ಮಾತು. ಕೇಳಿದವಳು ಏನು ಎತ್ತ ಎನ್ನದೆ ಎಲ್ಲ ಬಿಟ್ಟು ನಲ್ಲಿಗೆ ಓಡಬೇಕು.

ರೋಸ್ವಿಟಾ ಝಾಬೆಲ್ ಈ ಕಟ್ಟಳೆಯನ್ನು ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಸೌತೆಕಾಯಿ ಉಪ್ಪಿನಕಾಯಿಗೆ ಹೆಸರಾದ ಲ್ಯುಬೆನೌ ಊರಿನಿಂದ ಒಂದು ಸೂಟ್‌ಕೇಸು ಹಿಡಿದು ಬಂದವಳು. ಆಗಿನ್ನೂ ದೇಶದ ನಡುವೆ ಗೋಡೆ ಇತ್ತು, ಪ್ರಯೋಗಾಲಯ ಪೂರ್ವದವರ ಸರ್ಕಾರದ್ದಾಗಿತ್ತು. ಕಲಿಸಿದವಳು ಗೇರ್ಲಿಂಡ ಕ್ರಾಲ್. ರೋಸ್ವಿಟಾಳಿಗಿಂತ ನಾಲ್ಕು ವರ್ಷ ದೊಡ್ಡವಳು, ಆದರೆ ನಲವತ್ತು ವರ್ಷ ದೊಡ್ಡವಳಂತೆ ನಡೆದುಕೊಳ್ಳುತ್ತಿದ್ದವಳು. ಮೊದಲ ದಿನ ಕುರ್ಚಿಯಲ್ಲಿ ಕೂತು ಅವಳು ಹೇಳಿದ್ದು ಇಷ್ಟೇ: “ನಾನು ನಿಮ್ಮ ಮುಖ ನೋಡಲ್ಲ, ಫ್ರೌ ಝಾಬೆಲ್. ನೀವು ಅತ್ರೂ ನನಗೆ ಗೊತ್ತಾಗಲ್ಲ. ನಿಮ್ಮ ಕೈ ನೋಡ್ತಿರ್ತೀನಿ.”

ಆ ‘ನೀವು’, ಹೆಂಗಸರ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ಆ ‘ಫ್ರೌ’, ಇಪ್ಪತ್ತೈದು ವರ್ಷ ಉಳಿದವು. ಅಲ್ಲಿಯ ಜನರ ಪದ್ಧತಿಯೇ ಹಾಗೆ. ‘ನೀವು’ ಬಿಟ್ಟು ‘ನೀನು’ ಎನ್ನಬೇಕಾದರೆ ಇಬ್ಬರೂ ಒಪ್ಪಬೇಕು, ಮತ್ತು ಮೊದಲು ಕೇಳುವ ಹಕ್ಕು ದೊಡ್ಡವರದು. ದೊಡ್ಡವರು ಒಂದು ದಿನ ಗ್ಲಾಸು ಎತ್ತಿ ತಮ್ಮ ಹೆಸರು ಹೇಳುತ್ತಾರೆ, ಚಿಕ್ಕವರು ತಮ್ಮ ಹೆಸರು ಹೇಳುತ್ತಾರೆ, ಕುಡಿಯುತ್ತಾರೆ, ಅಲ್ಲಿಂದಾಚೆಗೆ ಸಾಯುವ ತನಕ ‘ನೀನು’. ಚಿಕ್ಕವರು ತಾವಾಗಿ ಕೇಳಿದರೆ ಅದು ಅಧಿಕಪ್ರಸಂಗ. ಹೀಗಾಗಿ ರೋಸ್ವಿಟಾ ಕಾದಳು. ಮೊದಲ ವರ್ಷ ಕಾದಳು, ಮದುವೆಯಾದಾಗ ಕಾದಳು, ಮಗಳು ಹುಟ್ಟಿದಾಗ ಗೇರ್ಲಿಂಡ ಕೈಯಾರೆ ಹೆಣೆದ ಟೋಪಿ ತಂದುಕೊಟ್ಟಾಗ ಇನ್ನೇನು ಬಂತು ಎಂದುಕೊಂಡಳು. “ನಿಮಗೂ ಮಗುವಿಗೂ ಒಳ್ಳೇದಾಗ್ಲಿ, ಫ್ರೌ ಝಾಬೆಲ್” ಎಂದು ಹೇಳಿ ಗೇರ್ಲಿಂಡ ಬಸ್ಸು ಹತ್ತಿದಳು.

ಇದಕ್ಕೊಂದು ಕಾರಣವೂ ಇತ್ತು. ಆಗಿನ ಕಾಲದಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದವರೆಲ್ಲ ಒಬ್ಬರಿಗೊಬ್ಬರು ‘ನೀನು’ ಎನ್ನುತ್ತಿದ್ದರು. ಗುರುತಿಲ್ಲದವನೂ ಬಂದು ಹೆಗಲ ಮೇಲೆ ಕೈಹಾಕಿ ‘ನೀನು ಏನಂತೀಯ ಸಂಗಾತಿ’ ಎಂದು ಬಾಯಿ ಬಿಡಿಸಲು ನೋಡುತ್ತಿದ್ದ. ಗೇರ್ಲಿಂಡಳಿಗೆ ಆ ಸಲಿಗೆ ಕಂಡರೆ ಮೈಯೆಲ್ಲ ಉರಿ. ತಾನು ಯಾರನ್ನು ನಿಜವಾಗಿ ಗೌರವಿಸುತ್ತಾಳೋ ಅವರಿಗೆ ‘ನೀವು’ ಎನ್ನುವುದನ್ನು ವ್ರತದಂತೆ ಇಟ್ಟುಕೊಂಡಿದ್ದಳು. ರೋಸ್ವಿಟಾಳಿಗೆ ಇದು ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ಆಸೆ ಹೋಗುತ್ತದೆಯೇ?

ಶುರುವಿನ ವರ್ಷಗಳಲ್ಲಿ ಒಂದು ಸಲ ಗೇರ್ಲಿಂಡ ಕುರ್ಚಿಯಿಂದ ‘ಕೈ’ ಎಂದು ಕೂಗಿದ್ದಳು. ರೋಸ್ವಿಟಾ ಎಲ್ಲ ಬಿಟ್ಟು ಓಡಿದಳು. ಪಾತ್ರೆಗೆ ಗಾಳಿ ಹೊಕ್ಕು ವಾರಗಟ್ಟಲೆಯ ಕೆಲಸ ಮಣ್ಣುಪಾಲಾಯಿತು. ನೋಡಿದರೆ ಕೈಮೇಲೆ ಬಿದ್ದದ್ದು ಬರೀ ನೀರು, ಮೇಲಿನ ಕೊಳವೆಯಿಂದ ತೊಟ್ಟಿಕ್ಕಿದ್ದು. ಆಗಿನ ಮುಖ್ಯಸ್ಥ ಬಂದು ಹಾರಾಡಿದ, ನೀರಿಗೂ ಆಮ್ಲಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ಎಂದು ಕೂಗಾಡಿದ. ಗೇರ್ಲಿಂಡ ಕುರ್ಚಿಯಿಂದ ಏಳಲೇ ಇಲ್ಲ. “ನೀರೋ ಆಮ್ಲವೋ ಅಂತ ಯೋಚನೆ ಮಾಡೋದು ಈ ಕುರ್ಚಿ ಕೆಲಸ ಅಲ್ಲ. ಕಂಡಿದ್ದನ್ನ ಕೂಗೋದು ಈ ಕುರ್ಚಿ ಕೆಲಸ. ನಾಳೆನೂ ಕೂಗ್ತೀನಿ” ಎಂದಳು. ಆತ ಮೂಗು ಮುರಿದು ಹೊರಟುಹೋದ. ಆ ದಿನದಿಂದ ರೋಸ್ವಿಟಾ ಅವಳ ಮುಂದೆ ಕೆಲಸ ಮಾಡುವಾಗ ತನ್ನ ಕೈಗಳ ಚಿಂತೆ ಬಿಟ್ಟಳು. ಜೀವನದಲ್ಲಿ ಅಂಥ ನೆಮ್ಮದಿ ಎಷ್ಟು ಜನರಿಗೆ ಸಿಗುತ್ತದೆ ಹೇಳಿ.

ಆಮೇಲೆ ಗೋಡೆ ಬಿತ್ತು. ಜನ ಕುಣಿದರು, ರೋಸ್ವಿಟಾಳೂ ಕುಣಿದಳು. ಕುಣಿತ ಮುಗಿಯುವಷ್ಟರಲ್ಲಿ ಪಶ್ಚಿಮದಿಂದ ಸೂಟು ತೊಟ್ಟವರು ಬಂದು ಯಾವುದು ಇರಬೇಕು ಯಾವುದು ಹೋಗಬೇಕು ಎಂದು ತೂಗಿ ನೋಡಿದರು. ಹೆಚ್ಚಿನವು ಹೋದವು. ಗಂಡ ಎಗೋನ್ ಕೆಲಸ ಮಾಡುತ್ತಿದ್ದ ಟೆಲಿವಿಷನ್ ಕಾರ್ಖಾನೆಗೆ ಬೀಗ ಬಿತ್ತು. ಅವನು ಮನೆಯಲ್ಲಿ ಕೂತು ಮೊದಲು ಗೋಡೆಗಳಿಗೆ ಬಣ್ಣ ಬಳಿದ, ಆಮೇಲೆ ಅಡುಗೆ ಕಲಿತ, ಆಮೇಲೆ ಮಾತು ಕಡಿಮೆ ಮಾಡಿದ. ಇವರ ಪ್ರಯೋಗಾಲಯ ಹೇಗೋ ಉಳಿಯಿತು, ಆದರೆ ಕಾಯಂ ಎಂಬ ಮಾತು ಹೊರಟುಹೋಯಿತು. ಒಂದು ಯೋಜನೆ ಮುಗಿಯುತ್ತಿದ್ದಂತೆ ಮುಂದಿನದರ ಬಾಗಿಲಲ್ಲಿ ಕಾಯುವುದು, ಸಿಕ್ಕರೆ ಒಂದೆರಡು ವರ್ಷ ಉಸಿರಾಡುವುದು. ಆ ಕಟ್ಟಡದಲ್ಲಿ ಎಷ್ಟೋ ಮುಖಗಳು ಬಂದುಹೋದವು. ಈ ಇಬ್ಬರು ಹೆಂಗಸರು ಮತ್ತು ಆ ಮರದ ಕುರ್ಚಿ ಮಾತ್ರ ಜಗ್ಗದೆ ಉಳಿದರು.

ಗೋಡೆ ಬಿದ್ದು ಹತ್ತು ವರ್ಷವಾದ ಮೇಲಿನ ಮಾತು. ಹೊಸ ಮುಖ್ಯಸ್ಥ ಡಾಕ್ಟರ್ ಟೀಲೆ ಒಂದು ಪುಡಿಯ ಹಿಂದೆ ಬಿದ್ದಿದ್ದ. ಅಲ್ಯುಮಿನಿಯಂ ಫ್ಲೋರೈಡ್ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಬಿಳಿ ಪುಡಿ, ಬಹಳ ಸೋಮಾರಿ, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಅದನ್ನು ನೀರಿನ ಸೋಂಕಿಲ್ಲದೆ, ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಿರುವ ಹಾಗೆ, ಗುಳ್ಳೆಗುಳ್ಳೆಯಾಗಿ ಮಾಡಿದರೆ ಅದೇ ಪುಡಿ ರಾಕ್ಷಸ ಆಮ್ಲವಾಗುತ್ತದೆ. ಒಂದು ಚಿಟಿಕೆ ಪುಡಿಯ ಒಳಮೈಯನ್ನು ಬಿಚ್ಚಿ ಹಾಸಿದರೆ ಟೆನಿಸ್ ಅಂಗಳ ಮುಚ್ಚುತ್ತದೆ. ಆ ಮೈಯುದ್ದಕ್ಕೂ ಹಸಿದು ಕೂತ ಜಾಗಗಳು. ಹಾದುಹೋಗುವ ಅಣುವನ್ನು ಹಿಡಿದು, ಅದರ ಪರಮಾಣುಗಳನ್ನು ಅದಲುಬದಲು ಮಾಡಿ, ಮತ್ತೆ ಬಿಟ್ಟುಕೊಡುತ್ತವೆ. ತಾವು ಮಾತ್ರ ಹಾಗೇ ಇರುತ್ತವೆ. ಕಾರ್ಖಾನೆಗಳಲ್ಲಿ ಬಳಸುವ ದ್ರವ ಆಮ್ಲಗಳ ಜಾಗದಲ್ಲಿ ಇಂಥ ಒಣ ಕ್ರಿಯಾವರ್ಧಕವನ್ನು ತಂದರೆ ಹೊಗೆಯಿಲ್ಲ, ಸೋರಿಕೆಯಿಲ್ಲ, ನದಿಗೆ ಬಿಡಬೇಕಾದ ಕೊಳೆಯಿಲ್ಲ ಎಂಬುದು ಟೀಲೆಯ ಕನಸು.

ಮಾಡುವ ಬಗೆ ಹೇಳಲು ಸುಲಭ. ಅಲ್ಯುಮಿನಿಯಂ ಇರುವ ಒಂದು ಸಂಯುಕ್ತವನ್ನು ಚೆನ್ನಾಗಿ ಒಣಗಿಸಿದ ಆಲ್ಕೋಹಾಲಿನಲ್ಲಿ ಕರಗಿಸಬೇಕು. ಅದಕ್ಕೆ ‘ಅದನ್ನು’ ಹನಿ ಹನಿಯಾಗಿ ಬಿಡಬೇಕು. ಗಾಜನ್ನು ತಿನ್ನುವ ಪದಾರ್ಥವಾದ್ದರಿಂದ ಪಾತ್ರೆ ಟೆಫ್ಲಾನಿನದು, ಮೇಲೆ ಆರ್ಗಾನ್ ಅನಿಲದ ಹೊದಿಕೆ. ಹನಿ ಬೀಳುತ್ತ ಹೋದಂತೆ ತಿಳಿನೀರಿನಂತಿದ್ದದ್ದು ಮೆಲ್ಲಗೆ ಮಂದವಾಗಿ ಗಂಜಿಯಂತೆ ಗಟ್ಟಿಯಾಗುತ್ತದೆ. ಆ ಗಂಜಿಯನ್ನು ನಿರ್ವಾತದಲ್ಲಿ ಒಣಗಿಸಿ, ಲೋಹದ ಕೊಳವೆಯಲ್ಲಿಟ್ಟು, ಹಳೆಯ ಫ್ರಿಜ್ಜುಗಳಲ್ಲಿ ಇರುತ್ತಿದ್ದಂಥ ಅನಿಲ ಹಾಯಿಸುತ್ತ ನಿಧಾನಕ್ಕೆ ಕಾಯಿಸಿದರೆ ಪುಡಿ ಸಿದ್ಧ. ಹನಿ ಆತುರದಲ್ಲಿ ಬಿದ್ದರೆ ಕೆಟ್ಟಿತು. ತೇವದ ಗಾಳಿ ಒಮ್ಮೆ ಸೋಕಿದರೆ ಹಸಿದ ಜಾಗಗಳೆಲ್ಲ ನೀರನ್ನು ಹಿಡಿದುಕೊಂಡು ಸುಮ್ಮನಾಗುತ್ತವೆ, ಪುಡಿ ಸತ್ತಿತು ಎನ್ನುತ್ತಾರೆ. ಆ ವರ್ಷ ಎಷ್ಟೋ ಪುಡಿಗಳು ಸತ್ತವು.

ಬೇಸಿಗೆಯ ಒಂದು ಸೋಮವಾರ ಟೀಲೆ ಇಬ್ಬರನ್ನೂ ಕೋಣೆಗೆ ಕರೆದು ಕಾಫಿ ಕೊಟ್ಟ. ಅವನು ಕಾಫಿ ಕೊಟ್ಟನೆಂದರೆ ಕೆಟ್ಟ ಸುದ್ದಿ ಎಂದೇ ಲೆಕ್ಕ. ಯೋಜನೆ ಮುಂದುವರಿಯುವ ಸಂಭವವಿದೆ, ಮುಂದಿನ ವಾರ ಹಣ ಕೊಡುವವರು ಬರುತ್ತಾರೆ, ಅಷ್ಟರಲ್ಲಿ ಒಂದು ಒಳ್ಳೆಯ ಪುಡಿ ತೋರಿಸಬೇಕು ಎಂದ. ಆಮೇಲೆ ಚಮಚವನ್ನು ಬಹಳ ಹೊತ್ತು ತಿರುಗಿಸಿ, ಮುಂದುವರಿದರೂ ಸಹಾಯಕಿಯ ಹುದ್ದೆ ಒಂದೇ ಇರುತ್ತದೆ ಎಂದ. ಯಾರೆಂದು ತಾನಿನ್ನೂ ಯೋಚಿಸಿಲ್ಲ, ಇಬ್ಬರೂ ಒಂದೇ ಎಂದ. ಪಾಪ, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ನಿರ್ಧಾರವನ್ನು ಮುಂದೂಡಿದಷ್ಟೂ ಉಳಿದವರ ಹೊಟ್ಟೆಯಲ್ಲಿ ವಿಷ ಬೆಳೆಯುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಆ ವಾರವಿಡೀ ಒಬ್ಬಳು ಕೆಲಸ ಮಾಡಿದಳು, ಇನ್ನೊಬ್ಬಳು ಕೂತು ಅವಳ ಕೈ ನೋಡಿದಳು. ಆಮೇಲೆ ಜಾಗ ಬದಲಾಯಿಸಿದರು. ಒಬ್ಬಳಿಗೆ ಕೆಲಸ ಉಳಿಯಬೇಕಾದರೆ ಇನ್ನೊಬ್ಬಳಿಗೆ ಹೋಗಬೇಕು. ಹುದ್ದೆಯ ವಿಷಯ ಇಬ್ಬರೂ ಎತ್ತಲಿಲ್ಲ. ಮನೆಯಲ್ಲಿ ಎಗೋನ್ ಮಾತ್ರ ಎತ್ತಿದ. ಕ್ರಾಲ್‌ಗೆ ಯಾರಿದ್ದಾರೆ, ಒಂಟಿ ಹೆಂಗಸು, ತೋಟವೊಂದಿದೆ, ಪಿಂಚಣಿಗೂ ನಿನಗಿಂತ ಹತ್ತಿರ, ಅವಳೇ ಬಿಟ್ಟುಕೊಡಬಹುದಲ್ಲ ಎಂದ. ರೋಸ್ವಿಟಾ ಅವನನ್ನು ಗದರಿಸಿದಳು. ಆದರೆ ಆ ಮಾತು ಕಿವಿಯಿಂದ ಹೊರಗೆ ಹೋಗಲಿಲ್ಲ.

ಶುಕ್ರವಾರ ಗೇರ್ಲಿಂಡ ಗೂಡಿನ ಮುಂದೆ ನಿಂತಿದ್ದಳು, ರೋಸ್ವಿಟಾ ಕುರ್ಚಿಯಲ್ಲಿದ್ದಳು. ಅಷ್ಟು ಸೊಗಸಾಗಿ ಗಟ್ಟಿಯಾಗುತ್ತಿದ್ದ ಗಂಜಿಯನ್ನು ಆ ವರ್ಷ ಅವರು ಕಂಡಿರಲಿಲ್ಲ. ಬೆಳಕಿಗೆ ಹಿಡಿದ ಮಂಜಿನಂತೆ ತುಸು ನೀಲಿ ಹೊಳಪು, ಎಲ್ಲೂ ಗಂಟಿಲ್ಲ. ಕೊನೆಯ ಹನಿಗಳು ಬೀಳುತ್ತಿದ್ದವು. ಗೇರ್ಲಿಂಡ ಹನಿ ಬಿಡುವ ಕೊಳವೆಯನ್ನು ಸ್ವಲ್ಪ ವಾರೆ ಮಾಡಿದಳು. ಕೊಳವೆಯ ತುದಿಯಿಂದ ಒಂದು ಹನಿ ಜಾರಿ ಅವಳ ಎಡಗೈಯ ಉಂಗುರ ಬೆರಳಿನ ಮೇಲೆ, ಗ್ಲೌಸಿನ ಮಡಿಕೆಯಲ್ಲಿ ಕೂತದ್ದನ್ನು ರೋಸ್ವಿಟಾ ಕಂಡಳು. ಹನಿ ಬೀಳುವುದು ಹೊಸತಲ್ಲ, ದಪ್ಪ ಗ್ಲೌಸಿನ ಮೇಲಿಂದ ಅದು ಉರುಳಿ ಹೋಗುತ್ತದೆ. ಇದು ಉರುಳಲಿಲ್ಲ. ಇದ್ದದ್ದು ಇಲ್ಲವಾಯಿತು.

ಮಾತು ನಾಲಿಗೆಯ ತುದಿಗೆ ಬಂತು. ಕೂಗಿದರೆ ಗೇರ್ಲಿಂಡ ಎಲ್ಲ ಬಿಟ್ಟು ಓಡುತ್ತಾಳೆ, ಗಂಜಿಗೆ ಗಾಳಿ ಹೊಗುತ್ತದೆ, ಬರುವ ವಾರ ತೋರಿಸಲು ಏನೂ ಇರುವುದಿಲ್ಲ, ಉಳಿಯುವ ಒಂದು ಹುದ್ದೆಯೂ ಹೋಗುತ್ತದೆ. ಇದು ಒಂದು ಯೋಚನೆ. ಕೂಗದಿದ್ದರೆ, ನಿಜವಾಗಿಯೂ ಏನಾದರೂ ಆಗಿದ್ದರೆ, ಹುದ್ದೆ ಯಾರದೆಂದು ಟೀಲೆ ಚಮಚ ತಿರುಗಿಸುತ್ತ ಕೂರಬೇಕಾಗಿಲ್ಲ. ಇದು ಇನ್ನೊಂದು. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಆಮೇಲೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ನನ್ನನ್ನು ಕೇಳಿದರೆ ಎರಡೂ ಕೈಕೈ ಹಿಡಿದುಕೊಂಡೇ ಬಂದವು. ಯೋಚಿಸುವುದು ಆ ಕುರ್ಚಿಯ ಕೆಲಸವಲ್ಲ ಎಂದು ಅವಳಿಗೆ ಕಲಿಸಿದವಳು ಎದುರಿಗೇ ನಿಂತಿದ್ದಳು. ರೋಸ್ವಿಟಾ ಯೋಚಿಸಿದಳು, ಅಷ್ಟರಲ್ಲಿ ಹೊತ್ತು ದಾಟಿತು. ಗೇರ್ಲಿಂಡ ಪಾತ್ರೆಯ ಬಾಯಿ ಮುಚ್ಚಿ, ಗ್ಲೌಸು ಕಳಚಿ, ಕೈ ತೊಳೆದುಕೊಂಡಳು.

ತೊಳೆದಳಲ್ಲ, ಅಷ್ಟಾಯಿತಲ್ಲ ಎಂದು ರೋಸ್ವಿಟಾ ಸಮಾಧಾನ ಮಾಡಿಕೊಂಡಳು. ಗ್ಲೌಸು ಸರಿ ಇತ್ತಾ ಎಂದು ಏನೋ ನೆಪಕ್ಕೆ ಕೇಳುವಂತೆ ಕೇಳಿದಳು. ಗೇರ್ಲಿಂಡ ಅವಳನ್ನು ಒಮ್ಮೆ ನೋಡಿ, ಸರಿ ಇಲ್ಲದಿದ್ದರೆ ನೀವು ಕೂಗ್ತಿದ್ರಿ ಎಂದಳು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಇದ್ದದ್ದು ನಂಬಿಕೆ. ಆಮೇಲೆ ಬುಟ್ಟಿ ತೆಗೆದುಕೊಂಡು, ಪೊದೆಯಲ್ಲಿ ಮುಳ್ಳುಹಣ್ಣು ಕಳಿತಿವೆ, ಇವತ್ತೇ ಕೀಳದಿದ್ದರೆ ಹಕ್ಕಿಗಳ ಪಾಲು ಎನ್ನುತ್ತ ಬೋನ್ಸ್‌ಡಾರ್ಫ್‌ನ ತನ್ನ ತೋಟಕ್ಕೆ ಹೊರಟಳು. ಬೇಸಿಗೆಯ ಶುಕ್ರವಾರ ಮಧ್ಯಾಹ್ನ ಆ ಕಡೆಯ ಅರ್ಧ ಊರೇ ತೋಟಗಳಲ್ಲಿರುತ್ತದೆ.

ಮನೆಯಲ್ಲಿ ಎಗೋನ್ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. ಪಕ್ಕದಲ್ಲಿ ಗಟ್ಟಿ ಮೊಸರು, ಅಗಸೆ ಎಣ್ಣೆ. ಅವಳ ಊರಿನ ಊಟ, ಅವಳಿಗೆ ಪ್ರಾಣ. ತಟ್ಟೆಯ ಮುಂದೆ ಕೂತು ಅವಳು ಚಮಚ ಮುಟ್ಟಲಿಲ್ಲ.

“ಏನಾಯ್ತು? ಯಾಕೆ ತಿಂತಿಲ್ಲ?” ಎಂದ.

“ಕ್ರಾಲ್ ಕೈಮೇಲೆ ಒಂದು ಹನಿ ಬಿತ್ತು. ಬಿತ್ತು ಅನ್ಸುತ್ತೆ.”

“ನೀನು ಕೂಗಿದ್ಯಾ?”

ಅವಳು ಆಲೂಗಡ್ಡೆಯನ್ನು ನೋಡುತ್ತಿದ್ದಳು. ಹುದ್ದೆ ನಿನಗೇ ಸಿಗಬೇಕು ಎಂದು ವಾರವಿಡೀ ಪಾಠ ಒಪ್ಪಿಸಿದ್ದ ಎಗೋನ್ ಚಾಕು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಭಯವಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

“ಮತ್ತೆ ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದೀಯ?” ಎಂದ.

ಅವಳು ಸೈಕಲ್ಲು ಹತ್ತಿದಳು. ಮೊದಲು ಪ್ರಯೋಗಾಲಯಕ್ಕೆ ಹೋದಳು, ಮುಲಾಮು ಅಲ್ಲೇ ಫ್ರಿಜ್ಜಿನಲ್ಲಿತ್ತು. ಟ್ಯೂಬು ಜೇಬಿಗೆ ಹಾಕಿಕೊಂಡವಳು ಕಸದ ಡಬ್ಬಿಯ ಮುಂದೆ ನಿಂತಳು. ನಿಲ್ಲಬಾರದಿತ್ತು, ನೇರ ಹೋಗಬೇಕಿತ್ತು. ಆದರೆ ತಾನು ಕಂಡದ್ದು ಸುಳ್ಳಾಗಲಿ ಎಂಬ ಆಸೆ ಅವಳನ್ನು ಹಿಡಿದು ನಿಲ್ಲಿಸಿತು. ತನ್ನ ಕೈಗೆ ಗ್ಲೌಸು ಹಾಕಿಕೊಂಡು, ಗೇರ್ಲಿಂಡಳ ಎಡಗೈ ಗ್ಲೌಸನ್ನು ಡಬ್ಬಿಯಿಂದ ಎತ್ತಿ ಅದಕ್ಕೆ ನೀರು ತುಂಬಿದಳು. ಉಂಗುರ ಬೆರಳಿನ ಮಡಿಕೆಯಲ್ಲಿ ಸಾಸಿವೆಯಷ್ಟು ನೀರು ಮೂಡಿತು, ದುಂಡಗಾಯಿತು, ಕೆಳಗೆ ಬಿತ್ತು. ಹಿಂದೆಯೇ ಇನ್ನೊಂದು ಮೂಡಿತು.

ಬೋನ್ಸ್‌ಡಾರ್ಫ್‌ವರೆಗೆ ಅವಳು ಹೇಗೆ ಸೈಕಲ್ಲು ತುಳಿದಳೋ ಅವಳಿಗೇ ನೆನಪಿಲ್ಲ. ತೋಟಗಳ ಸಾಲಿನಲ್ಲಿ ಯಾರೋ ಮಾಂಸ ಸುಡುತ್ತಿದ್ದರು, ರೇಡಿಯೊ ಹಾಡುತ್ತಿತ್ತು. ಗೇರ್ಲಿಂಡ ತನ್ನ ಮರದ ಗುಡಿಸಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅರ್ಧ ತುಂಬಿದ ಬುಟ್ಟಿ. ಎಡಗೈಯ ಬೆರಳನ್ನು ತಣ್ಣೀರಿನ ಲೋಟದಲ್ಲಿ ಅದ್ದಿಕೊಂಡು, ಮುಖ ಗಂಟಿಕ್ಕಿಕೊಂಡಿದ್ದಳು. ಪಕ್ಕದ ತೋಟದ ಮುದುಕನಿಗೆ ಈ ವರ್ಷದ ಮುಳ್ಳು ಬಹಳ ಕೆಟ್ಟದು, ಒಂದು ಚುಚ್ಚಿದ್ದು ಮೂಳೆತನಕ ನೋಯ್ತಿದೆ ಎಂದು ಹೇಳುತ್ತಿದ್ದಳು. ಎಷ್ಟು ಜನ ವಿದ್ಯಾರ್ಥಿಗಳಿಗೆ ಅವಳೇ ಪಾಠ ಹೇಳಿರಲಿಲ್ಲ, ನೋವು ಬಂದಾಗ ಮೊದಲು ‘ಅದನ್ನು’ ನೆನೆಯಿರಿ ಎಂದು. ಆದರೆ ಶುಕ್ರವಾರ, ತೋಟ, ಮುಳ್ಳಿನ ಪೊದೆ; ಜೊತೆಗೆ ಕುರ್ಚಿಯಲ್ಲಿ ಕೂತವಳು ಏನೂ ಹೇಳಿರಲಿಲ್ಲ. ಅದಕ್ಕೇ ಅವಳು ಮುಳ್ಳನ್ನು ಬೈದುಕೊಂಡು ಕೂತಿದ್ದಳು.

ಗೇಟು ಕಿರುಗುಟ್ಟಿತು. ಗೇರ್ಲಿಂಡ ತಲೆಯೆತ್ತಿದಳು. ಅವಳ ಕಣ್ಣು ರೋಸ್ವಿಟಾಳ ಮುಖಕ್ಕೆ ಬರಲಿಲ್ಲ. ಕೈಗೆ ಹೋಯಿತು, ಕೈಯಲ್ಲಿದ್ದ ಟ್ಯೂಬಿಗೆ ಹೋಯಿತು. ಲೋಟದಿಂದ ಬೆರಳು ತೆಗೆದು ನೋಡಿಕೊಂಡಳು. ಉಗುರಿನ ಕೆಳಗೆ ಬೂದಿಬಣ್ಣ ಬಂದಿತ್ತು.

“ನೀನು ನೋಡ್ದೆ” ಎಂದಳು.

ಇಪ್ಪತ್ತೈದು ವರ್ಷ ಕಾದ ಮಾತು ಅದು. ಟೋಪಿಯ ಜೊತೆ ಬಾರದ್ದು, ಗೋಡೆ ಬಿದ್ದ ರಾತ್ರಿ ಬೀದಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡಾಗಲೂ ಬಾರದ್ದು. ಬೀದಿಯಲ್ಲಿ ಜೇಬುಗಳ್ಳನಿಗೂ, ಕುಡಿದು ಮೈಮೇಲೆ ಬಿದ್ದವನಿಗೂ ಆ ಜನ ಅದೇ ‘ನೀನು’ ಬಳಸುತ್ತಾರೆ. ನಮ್ಮಲ್ಲೂ ಹಾಗೆಯೇ ಅಲ್ಲವೇ? ಯಾವ ‘ನೀನು’ ತನಗೆ ಸಿಕ್ಕಿತು ಎಂದು ರೋಸ್ವಿಟಾ ಕೇಳಬೇಕಾಗಿರಲಿಲ್ಲ.

“ನೋಡ್ದೆ” ಎಂದಳು.

ರೋಸ್ವಿಟಾ ಮಣ್ಣಿನಲ್ಲಿ ಮಂಡಿಯೂರಿ ಆ ಬೆರಳಿಗೆ ಮುಲಾಮು ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಪಕ್ಕದ ಮುದುಕ ಕಾರು ತೆಗೆದ. ಆಸ್ಪತ್ರೆಯಲ್ಲಿ ಬೆರಳಿನೊಳಕ್ಕೇ ಕ್ಯಾಲ್ಸಿಯಂ ಸೂಜಿ ಚುಚ್ಚಿದಾಗ ಗೇರ್ಲಿಂಡ ಹಲ್ಲು ಕಚ್ಚಿಕೊಂಡು ಚಾವಣಿ ನೋಡುತ್ತಿದ್ದಳು. ರೋಸ್ವಿಟಾ ಅವಳ ಇನ್ನೊಂದು ಕೈ ಹಿಡಿಯಲು ಹೋದಳು. ಆ ಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು. ಬೆರಳು ಪೂರ್ತಿ ಹೋಗಲಿಲ್ಲ, ತುದಿಯ ಗೆಣ್ಣು ಹೋಯಿತು. ಇನ್ನೂ ತಡವಾಗಿದ್ದರೆ ಕೈಯೇ ಹೋಗುತ್ತಿತ್ತು, ಕರೆತಂದವರು ಪುಣ್ಯವಂತರು ಎಂದು ವೈದ್ಯರು ಹೇಳಿದರು. ರೋಸ್ವಿಟಾ ಆ ಮಾತು ಕೇಳುತ್ತ ನಿಂತಿದ್ದಳು.

ವಿಚಾರಣೆಗೆ ಟೀಲೆ ಇಬ್ಬರನ್ನೂ ಅದೇ ಕೋಣೆಯಲ್ಲಿ ಕೂರಿಸಿಕೊಂಡ. ಸುರಕ್ಷತೆಯ ಅಧಿಕಾರಿಯೂ ಬಂದಿದ್ದ. ಕೈಗಾವಲಿನಲ್ಲಿದ್ದವರಿಗೆ ಏನೂ ಕಾಣಲಿಲ್ಲವೇ ಎಂದು ಅಧಿಕಾರಿ ಕೇಳಿದ. ಹೇಳಿಬಿಡಬೇಕು ಎಂದುಕೊಂಡೇ ರೋಸ್ವಿಟಾ ಮನೆಯಿಂದ ಹೊರಟಿದ್ದಳು, ಎಗೋನ್‌ಗೂ ಹೇಳಿ ಬಂದಿದ್ದಳು. ಬಾಯಿ ತೆರೆದಳು. ಅಷ್ಟರಲ್ಲಿ ಗೇರ್ಲಿಂಡ, ಬ್ಯಾಂಡೇಜು ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು, ಸಾದಾ ದನಿಯಲ್ಲಿ ಹೇಳಿದಳು: “ಅವರಿಗೆ ಕಾಣೋ ಹಾಗಿರ್ಲಿಲ್ಲ. ಕಿಟಕಿ ಬೆಳಕು ಎದುರಿಂದ ಬರುತ್ತೆ. ಆ ಕುರ್ಚಿಯಲ್ಲಿ ಕೂತ್ರೆ ಕಣ್ಣು ಕೋರೈಸುತ್ತೆ.”

ರೋಸ್ವಿಟಾಳ ತೆರೆದ ಬಾಯಿ ಮುಚ್ಚಿತು. ಇದು ಅವಳ ಎರಡನೆಯ ಮೌನ. ಮೊದಲನೆಯದಕ್ಕಿಂತ ಇದು ಸುಲಭವಾಗಿತ್ತು, ಅದೇ ಅವಳನ್ನು ಹೆದರಿಸಿತು. ಗೇರ್ಲಿಂಡ ಕರುಣೆಯಿಂದ ಹಾಗೆ ಹೇಳಿದಳು ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಗೇರ್ಲಿಂಡ ಗೊತ್ತಿಲ್ಲ. ತಮ್ಮಿಬ್ಬರ ನಡುವೆ ನಡೆದದ್ದನ್ನು ಮೂರನೆಯವರ ಮೇಜಿನ ಮೇಲೆ ಹರಡುವ ಹೆಂಗಸಾಗಿರಲಿಲ್ಲ ಅವಳು. ಅಧಿಕಾರಿ ತಲೆಯಾಡಿಸಿ ಬರೆದುಕೊಂಡ. ಅಂದೇ ಮರದ ಕುರ್ಚಿಯನ್ನು ಕಿಟಕಿಯ ಇನ್ನೊಂದು ಪಕ್ಕಕ್ಕೆ ಸರಿಸಿ, ಅದರ ಕಾಲುಗಳ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆಸಿದರು. ಹಳೆಯ ಜಾಗದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಅದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಆ ಶುಕ್ರವಾರದ ಪುಡಿ ಅದ್ಭುತವಾಗಿ ಬಂತು. ಅಷ್ಟು ಹಗುರ, ಅಷ್ಟು ವಿಶಾಲ ಒಳಮೈ, ಅಂಥ ಆಮ್ಲಗುಣ ಇರುವ ಪುಡಿಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಬೇರೆ ಯಾವ ಘನ ಪದಾರ್ಥಕ್ಕೂ ಜಗ್ಗದ ಅನಿಲ ಇದರ ಮೇಲೆ ಹಾಯುತ್ತಲೇ ಬದಲಾಗಿ ಹೊರಬಂತು. ಟೀಲೆ ಮಗುವಿನಂತೆ ಕುಣಿದ. ಹಣ ಕೊಡುವವರು ಬಂದರು, ನೋಡಿದರು, ಒಪ್ಪಿದರು. ಆ ಪುಡಿಯಲ್ಲಿ ಒಂದಿಷ್ಟನ್ನು ಮಾದರಿಯೆಂದು ಒಣ ಅನಿಲ ತುಂಬಿದ ಮುಚ್ಚು ಪೆಟ್ಟಿಗೆಯೊಳಗೆ ಶಾಶ್ವತವಾಗಿ ಇಟ್ಟರು. ರೋಸ್ವಿಟಾ ಪ್ರತಿ ದಿನ ಬೆಳಿಗ್ಗೆ ಆ ಪೆಟ್ಟಿಗೆಯ ರಬ್ಬರ್ ತೋಳುಗಳಲ್ಲಿ ಕೈ ತೂರಿಸುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಅವಳು ಕೂಗಿದ್ದರೆ ಅದು ಸತ್ತಿರುತ್ತಿತ್ತು.

ಹುದ್ದೆಯ ಬಗ್ಗೆ ಟೀಲೆ ಬಾಯಿ ತೆರೆಯುವ ಮೊದಲೇ ಗೇರ್ಲಿಂಡ ಹೋಗಿ, ಈ ಬೆರಳು ಇಟ್ಟುಕೊಂಡು ದಪ್ಪ ರಬ್ಬರ್ ತೋಳಿನೊಳಗೆ ಸಣ್ಣ ಕೆಲಸ ಆಗೋದಿಲ್ಲ, ಫ್ರೌ ಝಾಬೆಲ್ ಇರಲಿ ಎಂದಳಂತೆ. ಟೀಲೆ ನಿಟ್ಟುಸಿರು ಬಿಟ್ಟನಂತೆ. ಗೇರ್ಲಿಂಡಳ ಕರಾರಿನಲ್ಲಿ ಉಳಿದ ತಿಂಗಳುಗಳು ಎಂದಿನಂತೆ ಕಳೆದವು. ಗೇರ್ಲಿಂಡ ಕುರ್ಚಿಯಲ್ಲಿ ಕೂರುತ್ತಿದ್ದಳು, ಕಣ್ಣು ಕದಲಿಸದೆ ರೋಸ್ವಿಟಾಳ ಕೈ ನೋಡುತ್ತ. ಅವಳು ಕೂಗದೆ ಬಿಡುವವಳಲ್ಲ ಎಂದು ರೋಸ್ವಿಟಾಳಿಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಮಾತು ಮತ್ತೆ ‘ನೀವು’, ‘ಫ್ರೌ ಝಾಬೆಲ್’. ತೋಟದಲ್ಲಿ ಬಂದ ‘ನೀನು’ ಮತ್ತೆ ಬರಲಿಲ್ಲ.

ಕೊನೆಯ ದಿನ ಪದ್ಧತಿಯಂತೆ ಹೊರಡುವವಳೇ ಕೇಕು ತಂದಳು. ಮುಳ್ಳುಹಣ್ಣಿನ ಕೇಕು, ಮೇಲೆ ಸಕ್ಕರೆ ಹಾಕಿ ಹೊಡೆದ ಮೊಟ್ಟೆಯ ನೊರೆ. ಟೀಲೆ ಬಾಟಲಿ ಬಿಚ್ಚಿ ಎಲ್ಲರ ಗ್ಲಾಸಿಗೂ ನೊರೆಯುಕ್ಕುವ ವೈನು ಸುರಿದ, ಭಾಷಣ ಮಾಡಿದ, ಕಣ್ಣೊರೆಸಿಕೊಂಡ. ವಿದ್ಯಾರ್ಥಿಗಳು ಕೇಕಿನ ಕಡೆ ಹೋದಾಗ ಇವರಿಬ್ಬರೇ ಕಿಟಕಿಯ ಹತ್ತಿರ, ಹಳದಿ ಗೆರೆಯ ಪಕ್ಕ ನಿಂತರು.

ಮಾಡಬಾರದ್ದೆಂದು ಗೊತ್ತಿದ್ದೂ ರೋಸ್ವಿಟಾ ಅದನ್ನು ಮಾಡಿದಳು. ತಾನು ಚಿಕ್ಕವಳು, ಕೇಳುವ ಹಕ್ಕು ತನ್ನದಲ್ಲ. ಆದರೂ ಗ್ಲಾಸು ಎತ್ತಿದಳು.

“ನಾನು ರೋಸ್ವಿಟಾ” ಎಂದಳು.

ಗೇರ್ಲಿಂಡ ಅವಳ ಗ್ಲಾಸನ್ನು ನೋಡಿದಳು. ಅದನ್ನು ಹಿಡಿದ ಕೈಯನ್ನು ನೋಡಿದಳು, ಐದು ಬೆರಳನ್ನೂ ಒಂದೊಂದಾಗಿ, ಯಾವಾಗಲೂ ನೋಡುತ್ತಿದ್ದ ಹಾಗೆ. ಆಮೇಲೆ, ತೋಟದ ಆ ದಿನದ ನಂತರ ಬಹುಶಃ ಮೊದಲ ಸಲ, ಕಣ್ಣೆತ್ತಿ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅದು ಆಗ್ಲೇ ಆಗೋಯ್ತಲ್ಲ, ಫ್ರೌ ಝಾಬೆಲ್. ತೋಟದಲ್ಲಿ. ನಾನು ‘ನೀನು’ ಅಂದೆ, ನೀವು ಉತ್ತರ ಕೊಟ್ರಿ.”

ಮೊಂಡು ಬೆರಳಿನ ಕೈಯಲ್ಲೇ ತನ್ನ ಗ್ಲಾಸು ಎತ್ತಿ ಒಂದು ಗುಟುಕು ಕುಡಿದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಕೇಕು ಮುಗಿಯುವ ಮೊದಲು ಎಗೋನ್‌ಗೆ ಒಂದು ತುಂಡು ಕಟ್ಟಿಕೊಳ್ಳಿ ಎಂದು ಹೇಳಿ, ಕೋಟು ತೆಗೆದುಕೊಂಡು ಹೋದಳು.